ನೀರು ನೋಡಿದವರು

ನಿವೃತ್ತನಾದ ಮೇಲೆ ಕೂತಲ್ಲಿ ಕೂರುವುದು ನನಗೆ ಬರಲೇ ಇಲ್ಲ. ಬೆಳಿಗ್ಗೆ ಎದ್ದು ರಾಯಚೂರಿನ ಬಸ್ ನಿಲ್ದಾಣದವರೆಗೆ ನಡೆಯುತ್ತೇನೆ. ಮಾನ್ವಿ ಗಾಡಿ ಹೊರಟಿತೇ, ದೇವದುರ್ಗದ್ದು ಬಂತೇ ಎಂದು ನೋಡುತ್ತೇನೆ. ಹತ್ತಬೇಕಾದ ಗಾಡಿ ಯಾವುದೂ ಇಲ್ಲವಾದ್ದರಿಂದ ತಿರುಗಿ ಮನೆಗೆ ಬರುತ್ತೇನೆ. ಬಂದವನು ಅಂಗಳದಲ್ಲಿ ಆ ಕಡೆ ಈ ಕಡೆ ಓಡಾಡುತ್ತೇನೆ. "ಒಂದ್ ಕಡಿ ಕುಂದರ್ರಿ. ನಿಮ್ಮನ್ನ ನೋಡಿ ನನಗ ದಣಿವಾಗಾಕತ್ತದ," ಎನ್ನುತ್ತಾಳೆ ಹೆಂಡತಿ. ಈ ನೋಟ್‌ಬುಕ್ಕು ತಂದು ಮುಂದಿಟ್ಟವಳೂ ಅವಳೇ.

ನಾನು ಮಾಡಿದ್ದು ಬೆಂಕಿಗೆ ಗೋಡೆ ಕಟ್ಟುವ ಕೆಲಸ. ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸಲು ಬಾಯ್ಲರು ಇರುತ್ತದೆ, ಅದರ ಹೊಟ್ಟೆಯಲ್ಲಿ ಹೊಟ್ಟು ಉರಿಯುವ ಒಲೆ ಇರುತ್ತದೆ. ಆ ಒಲೆಯ ಒಳಮೈಗೆ, ಉಕ್ಕು ಕರಗಿಸುವ ಕುಲುಮೆಗೆ, ಕರಗಿದ ಉಕ್ಕನ್ನು ಹೊತ್ತೊಯ್ಯುವ ದೊಡ್ಡ ಕೊಪ್ಪರಿಗೆಗೆ ದಪ್ಪನೆಯ ಅಸ್ತರು ಹಾಕಬೇಕು. ಮನೆ ಕಟ್ಟುವ ಸಿಮೆಂಟು ಅಲ್ಲಿ ನಾಲ್ಕು ದಿನ ನಿಲ್ಲುವುದಿಲ್ಲ, ಪುಡಿಯಾಗಿ ಉದುರುತ್ತದೆ. ಅಲ್ಲಿಗೆ ಬೇಕಾದದ್ದು ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟು. ಸುಟ್ಟ ಮಣ್ಣಿನ ಹರಳಿನ ಜೊತೆ ಅದನ್ನು ಕಲಸಿ, ಅಚ್ಚಿಗೆ ಸುರಿದು, ಗಟ್ಟಿಯಾಗಿಸಿ, ಒಣಗಿಸಬೇಕು. ನಾವು ಅದನ್ನು ಬೆಂಕಿ ಸಿಮೆಂಟು ಎಂದೇ ಕರೆಯುತ್ತಿದ್ದೆವು.

ಈಗ ಈ ಕೆಲಸಕ್ಕೆ ಡಿಪ್ಲೊಮಾ ಓದಿದವರು ಬರುತ್ತಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಯಾವಾಗ ಮೇಸ್ತ್ರಿಯಾದೆ, ಯಾವಾಗ ಸೂಪರ್‌ವೈಸರ್ ಆದೆ ಎಂಬುದರಿಂದ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ಹೇಳಬೇಕಾದ ಮಾತು ಬೇರೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೂ ಒದ್ದಾಡುತ್ತೇನೆ. ನಮ್ಮ ಗುತ್ತಿಗೆದಾರರ ಬಳಿ ಪ್ರತಿ ಕೆಲಸಕ್ಕೂ ಒಂದು ದಾಖಲೆ ಪುಸ್ತಕವಿತ್ತು. ಯಾವ ದಿನ, ಎಷ್ಟು ಚೀಲ, ಎಷ್ಟು ನೀರು ಎಂದು ಬರೆದು, ಕೊನೆಯ ಅಂಕಣದಲ್ಲಿ ರುಜು ಹಾಕಬೇಕು. ಆ ಅಂಕಣದ ತಲೆಬರಹ 'ನೀರು ನೋಡಿದವರು'. ಎಂಟು ವರ್ಷ ಅಲ್ಲಿ ನನ್ನ ರುಜು ಇದೆ. ಆ ಎಂಟು ವರ್ಷ ನೀರು ನೋಡಿದವನು ನಾನಲ್ಲ.

ನೀರು ನೋಡುವುದೆಂದರೇನು ಎಂದು ನನಗೆ ಕಲಿಸಿದವರು ಮಹಬೂಬ್ ಉಸ್ತಾದರು. ಗುಂಜಹಳ್ಳಿಯಿಂದ ಕೂಲಿಗೆ ಬಂದ ನನ್ನ ಕೈಗೆ ಕರಣಿ ಕೊಟ್ಟವರು ಅವರು. ಕಲಸಿದ್ದರಲ್ಲಿ ಒಂದು ಹಿಡಿ ತೆಗೆದು ಉಂಡೆ ಕಟ್ಟುತ್ತಿದ್ದರು. ಅದನ್ನು ಮೊಳದಷ್ಟು ಮೇಲಕ್ಕೆ ಎಸೆದು ಅದೇ ಅಂಗೈಯಲ್ಲಿ ಹಿಡಿಯುತ್ತಿದ್ದರು. ಒಡೆದರೆ ನೀರು ಕಡಿಮೆ. ಬೆರಳ ಸಂದಿಯಿಂದ ಜಾರಿದರೆ ನೀರು ಹೆಚ್ಚು. ಇಡಿಯಾಗಿ ಕೂತು ಅಂಗೈಗೆ ತುಸು ಅಂಟಿದರೆ ಸರಿ. ಒಂದು ಲೋಟ ನೀರು ಹೆಚ್ಚಾದರೂ ಅಸ್ತರು ಒಳಗೊಳಗೇ ಬಡವಾಗುತ್ತದೆ, ಹೊರಗೆ ಕಾಣುವುದಿಲ್ಲ. ಚೀಲದ ಮೇಲೆ ಲೆಕ್ಕ ಬರೆದಿರುತ್ತದಲ್ಲ ಎಂದು ಕೇಳಿದ್ದೆ.

"ಚೀಲ ಬರದವ ನಮ್ಮ ಬಿಸಿಲು ನೋಡ್ಯಾನೇನೋ?" ಎಂದಿದ್ದರು ಉಸ್ತಾದರು. "ಚೀಲದ ಲೆಕ್ಕದಿಂದ ಶುರು ಮಾಡು, ಕೈ ಹೇಳಿದಲ್ಲಿ ನಿಲ್ಲಸು."

ಅವರಿಗೆ ಎಲ್ಲದಕ್ಕೂ ಸಮಾಧಾನ, ನನಗೆ ಎಲ್ಲದಕ್ಕೂ ಅವಸರ. ಕಲಿತ ವರ್ಷವೇ ಆ ಅವಸರ ನನ್ನ ಮಾನ ಕಳೆಯಿತು. ರಾಯಚೂರಿನ ಹೊರಗೆ ಆಗ ಒಂದು ಸಣ್ಣ ಉಕ್ಕಿನ ಎರಕದ ಕಾರ್ಖಾನೆ ಇತ್ತು. ಕೊಪ್ಪರಿಗೆಗೆ ಅಸ್ತರು ಹಾಕಲು ಹೋಗಿದ್ದೆವು. ಉಸ್ತಾದರು ನಮಾಜಿಗೆ ಹೋದಾಗ ನಮ್ಮ ಸಿಮೆಂಟು ಮುಗಿಯಿತು. ಗೋದಾಮಿನಲ್ಲಿ ಕ್ಯಾಲ್ಸಿಯಂ ಅಲ್ಯುಮಿನೇಟ್ ಎಂದು ಬರೆದ ಚೀಲಗಳು ಸಾಲಾಗಿ ನಿಂತಿದ್ದವು. ಕೇಳುವುದೇನು, ಒಂದನ್ನು ಹೊತ್ತು ತಂದು ಬೂದು ಪುಡಿಯನ್ನು ಮಿಕ್ಸರಿಗೆ ಸುರಿದು ನೀರು ಹೊಡೆದೆ. ಬೀಡಿ ಹಚ್ಚುವಷ್ಟರಲ್ಲಿ ಮಿಕ್ಸರು ನರಳಿತು. ನೋಡಿದರೆ ಒಳಗಿದ್ದದ್ದು ಬಿಸಿಯಾಗಿ ಕಲ್ಲಾಗಿತ್ತು.

ಅದು ಸಿಮೆಂಟಲ್ಲ, ಉಕ್ಕು ತೊಳೆಯುವ ಮದ್ದು. ಕರಗಿದ ಉಕ್ಕಿನ ಮೇಲೆ ಅದನ್ನು ಸುರಿದರೆ ಅದೂ ಕರಗಿ, ಉಕ್ಕಿನೊಳಗಿನ ಗಂಧಕವನ್ನು ಎಳೆದುಕೊಂಡು ಕಿಟ್ಟವಾಗಿ ತೇಲುತ್ತದೆ. ಸುಣ್ಣ, ಅಲ್ಯುಮಿನಾ ಎರಡೂ ಅದರಲ್ಲೂ ಇವೆ, ನಮ್ಮ ಸಿಮೆಂಟಿನಲ್ಲೂ ಇವೆ, ಪಾಲು ಮಾತ್ರ ಬೇರೆ. ಆ ಪಾಲು ಬೇರೆಯಾದದ್ದರಿಂದ ಒಂದು ಬೆಂಕಿಯಲ್ಲಿ ನಿಲ್ಲುತ್ತದೆ, ಇನ್ನೊಂದು ಬೇಗ ಕರಗುತ್ತದೆ, ನೀರು ಕಂಡರೆ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ತಿಳಿದದ್ದು ಉಳಿ ಸುತ್ತಿಗೆ ಹಿಡಿದು ಎರಡು ದಿನ ಮಿಕ್ಸರಿನ ಒಳಗೆ ಕೂತು ಕೆತ್ತುವುದು. ಉಸ್ತಾದರು ಹೊರಗಿನಿಂದ ಇಣುಕಿ, "ಒಳಗ ತಂಪದ ಏನೋ?" ಎಂದು ಕೇಳಿ ಹೋಗುತ್ತಿದ್ದರು.

ಅವರಿಂದ ಕಲಿತ ಇನ್ನೊಂದು ಸಂಗತಿ ಈಗಲೂ ನಮ್ಮ ಕಡೆ ನಡೆಯುತ್ತದೆ. ಅಸ್ತರು ಗಟ್ಟಿಯಾದ ಮೇಲೂ ಅದರೊಳಗೆ ನೀರು ಇರುತ್ತದೆ. ಮೆಲ್ಲಗೆ ಕಾಯಿಸಿದರೆ ಆವಿಯಾಗಿ ಹೋಗುತ್ತದೆ, ಒಮ್ಮೆಲೇ ಬೆಂಕಿ ಇಟ್ಟರೆ ಒಳಗೆ ಸಿಕ್ಕ ಆವಿ ಗೋಡೆಯನ್ನೇ ಸಿಡಿಸುತ್ತದೆ. ಇದನ್ನು ಗಿರಣಿ ಸಾಹುಕಾರರಿಗೆ ಹೇಳಿದರೆ ಯಾರು ಕೇಳಬೇಕು? ಅವರು ಸ್ವಾಮಿಗಳನ್ನು ಕೇಳಿ ಮುಹೂರ್ತ ಇಡಿಸಿರುತ್ತಾರೆ. ಒಬ್ಬ ಸಾಹುಕಾರರು ವಿಭೂತಿ, ತೆಂಗಿನಕಾಯಿ, ನೆಂಟರ ಸಮೇತ ಬಂದು, ಇವತ್ತೇ ಒಲೆ ಹಚ್ಚಬೇಕೆಂದು ಹಟ ಹಿಡಿದರು. ಉಸ್ತಾದರು ವಾದ ಮಾಡಲಿಲ್ಲ. "ಹಚ್ಚೋಣ್ರಿ ಸಾಹುಕಾರ್ರೇ, ದೀಪದಿಂದ ಹಚ್ಚಿದ್ರ ಛಲೋ," ಎಂದು ಒಲೆಯೊಳಗೆ ಒಂದು ಪಣತಿ ಇಡಿಸಿದರು. ಮುಹೂರ್ತವೂ ಆಯಿತು, ಬೆಂಕಿಯೂ ಹತ್ತಿತು. ಮಾರನೆಯ ದಿನದಿಂದ ಪುಳ್ಳೆ, ಆಮೇಲೆ ಕಟ್ಟಿಗೆ, ನಾಲ್ಕನೆಯ ದಿನಕ್ಕೆ ಹೊಟ್ಟು. ಈಗ ಮಾನ್ವಿ, ದೇವದುರ್ಗದ ಗಿರಣಿಗಳಲ್ಲಿ ಹೊಸ ಅಸ್ತರಿಗೆ ಪಣತಿ ಇಡುವುದು ಪದ್ಧತಿಯೇ ಆಗಿದೆ. ಶುರು ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಉಸ್ತಾದರು ತೀರಿಕೊಂಡ ಮೇಲೆ ಉಂಡೆ ಕಟ್ಟುವುದು ನನ್ನ ಪಾಲಿಗೆ ಬಂತು. ಹಳೆಯ ಅಸ್ತರು ಒಡೆಯುವುದೂ ನನ್ನ ಪಾಲಿಗೇ ಬಂದಿತ್ತು. ಗಡಗಡ ನಡುಗುವ ಬ್ರೇಕರ್ ಯಂತ್ರ ಹಿಡಿದು ವರ್ಷಗಟ್ಟಲೆ ಗೋಡೆ ಒಡೆದೆ. ಇನ್ನೊಬ್ಬರಿಗೆ ಕೊಟ್ಟರೆ ಹೊತ್ತಾಗುತ್ತದೆಂದು ಕಿತ್ತುಕೊಂಡು ನಾನೇ ಹಿಡಿಯುತ್ತಿದ್ದೆ. ಮೊದಲು ಬೆರಳ ತುದಿ ಜೋಮು ಹಿಡಿಯುತ್ತಿತ್ತು. ಆಮೇಲೆ ಜೋಮು ಬಿಡುವುದನ್ನೇ ಮರೆಯಿತು. ಒಂದು ದಿನ ಹೆಂಚಿನ ಮೇಲಿಂದ ರೊಟ್ಟಿ ತೆಗೆದುಕೊಂಡೆ, ಹೆಂಡತಿ ಕೈ ಹಿಡಿದು ಎಳೆದ ಮೇಲೆ ಗೊತ್ತಾಯಿತು, ಬೆರಳು ಸುಟ್ಟಿತ್ತು. ನರ ಹೋಗಿವೆ, ತಿರುಗಿ ಬರುವುದಿಲ್ಲ ಎಂದರು ಡಾಕ್ಟರು.

ಉಂಡೆ ನೋಡುವವನ ಕೈಗೆ ಸ್ಪರ್ಶವೇ ಇಲ್ಲವೆಂದರೆ ಅವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾರಿಗೂ ಹೇಳಲಿಲ್ಲ. ಒಡೆದ ಉಂಡೆ ಕಣ್ಣಿಗೆ ಕಾಣುತ್ತದೆ, ಜಾರಿದ್ದೂ ಕಾಣುತ್ತದೆ. ನಡುವಿನದು ಕಾಣುವುದಿಲ್ಲ, ಕೆಲಸ ಇರುವುದೆಲ್ಲ ಆ ನಡುವಿನಲ್ಲೇ. ಬೆರಳು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದೇ ತಿಳಿಯದೆ ಒಳ್ಳೆಯ ಉಂಡೆಯನ್ನೂ ಹಿಚುಕಿ ಒಡೆಯುತ್ತಿದ್ದೆ.

ದೇವದುರ್ಗದ ಒಂದು ಗಿರಣಿಯಲ್ಲಿ ಹೀಗೆ ಉಂಡೆ ಹಿಡಿದು ಬೆಪ್ಪನಾಗಿ ನಿಂತಿದ್ದೆ. ನೀರು ಅಳೆದು ಹಾಕುತ್ತಿದ್ದ ಹೆಂಗಸು ಪಕ್ಕದಿಂದ, "ಇನ್ನೂ ಅರ್ಧ ಚಂಬು ಬೇಕ್ರಿ ಇದಕ್ಕ," ಎಂದಳು. ಕಲ್ಲೂರಿನ ಹುಲಿಗೆಮ್ಮ. ಚೀಲ ಹೊರುವ, ನೀರು ತುಂಬುವ ಕೂಲಿಗೆ ವರ್ಷಗಳಿಂದ ಬರುತ್ತಿದ್ದಳು. ನಿನಗೇನು ಗೊತ್ತು ಎಂದೆ. ಅವಳು ಬಕೆಟಿನಲ್ಲಿ ಕೈ ತೊಳೆದು, ಒಂದು ಹಿಡಿ ತೆಗೆದು, ಉಂಡೆ ಕಟ್ಟಿ, ಎಸೆದು ಹಿಡಿದಳು. ಉಸ್ತಾದರ ಹಾಗೆಯೇ ಮಣಿಕಟ್ಟು ಸಡಿಲ ಬಿಟ್ಟು ಹಿಡಿದಳು.

"ದಿನಾ ನೋಡ್ತಿದ್ದೆ. ನಿಮ್ಮ ಉಸ್ತಾದ್ರು ಒಮ್ಮಿ ನನ್ನ ಕೈಯಾಗೂ ಕೊಟ್ಟು ಹಿಡಿಸಿದ್ರು," ಎಂದಳು.

ಅರ್ಧ ಚಂಬು ಹಾಕಿಸಿದೆ. ಅಸ್ತರು ಕಂಚಿನಂತೆ ಗಟ್ಟಿಯಾಯಿತು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲದ ಒಪ್ಪಂದ. ನಾನು ಎಲ್ಲರೆದುರು ಉಂಡೆ ಕಟ್ಟಿ ಅವಳತ್ತ ಚಾಚುತ್ತಿದ್ದೆ, ಬಕೆಟಿಗೆ ಹಾಕು ಎಂಬಂತೆ. ಅವಳು ಹಿಸುಕಿ ನೋಡಿ, ಚಂಬಿನ ಮೇಲೆ ಬೆರಳಿನಿಂದ ಬಡಿಯುತ್ತಿದ್ದಳು, ಕಾಲು ಚಂಬಿಗೆ ಒಂದು ಸಲ, ಅರ್ಧಕ್ಕೆ ಎರಡು ಸಲ. ನಾನು ಗಟ್ಟಿಯಾಗಿ, "ಹಾಕು ಅರ್ಧ ಚಂಬು," ಎನ್ನುತ್ತಿದ್ದೆ. ಪುಸ್ತಕದಲ್ಲಿ ರುಜು ನನ್ನದು. ನರಸಪ್ಪ ಮೇಸ್ತ್ರಿಯ ಕೈ ಎಂದರೆ ಕೈ ಎಂದು ಮೂರು ತಾಲೂಕಿನ ಗಿರಣಿಗಳಲ್ಲಿ ಹೆಸರಾಯಿತು. ಕೇಳಿ ಖುಷಿಪಟ್ಟದ್ದೂ ಉಂಟು. ನಾಚಿಕೆ ಇಲ್ಲದೆ ಖುಷಿಪಟ್ಟೆ.

ಮೂರನೆಯ ವರ್ಷ ಅದೇ ದೇವದುರ್ಗದ ಇನ್ನೊಂದು ಗಿರಣಿ. ಏಪ್ರಿಲ್ ಬಿಸಿಲು, ತಗಡಿನ ಕೆಳಗೆ ಚೀಲಗಳು ಸುಡುತ್ತಿದ್ದವು, ಕಲಸಿದ್ದು ಬೇಗ ಬೇಗ ಬಿಗಿಯುತ್ತಿತ್ತು. ಮೇಲೆ ಒಲೆಯ ಕಮಾನಿನಲ್ಲಿ ಕೂತವರು ಕೊಡ್ರಿ ಕೊಡ್ರಿ ಎಂದು ಕೂಗುತ್ತಿದ್ದರು. ನಾನು ಉಂಡೆಯನ್ನೂ ಕಟ್ಟದೆ ಒಂದು ಚಂಬು ಹೆಚ್ಚಿಗೆ ಸುರಿದೆ. ಹುಲಿಗೆಮ್ಮ ಚಂಬು ಬಡಿಯಲಿಲ್ಲ, ಬಾಯಿಬಿಟ್ಟೇ ಹೇಳಿದಳು, "ನೀರು ಹೆಚ್ಚಾತ್ರಿ. ಇದನ್ನ ಚೆಲ್ಲೋಣು." ಸುಮ್ಮನಿರು ಎಂದು ಗದರಿ, ಮೇಲೆ ಕಳಿಸಿದೆ. ಹಾಗೆಯೇ ಮೂರು ಕಲಸು ಹೋಯಿತು.

ತಿಂಗಳೊಳಗೆ ಕಮಾನು ಉದುರಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಗುತ್ತಿಗೆದಾರರು ಪುಸ್ತಕ ಮುಂದಿಟ್ಟು ಕಾರಣ ಬರೆಯಿರಿ ಎಂದರು. ನಾನು ಬರೆದೆ: 'ಹೆಲ್ಪರ್ ಹುಲಿಗೆಮ್ಮ, ಕಲ್ಲೂರು, ಅಳತೆ ಮೀರಿ ನೀರು ಹಾಕಿದ್ದರಿಂದ.' ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವಳನ್ನು ಕೆಲಸದಿಂದ ಬಿಡಿಸಿದರು. ಆ ಹಂಗಾಮು ಅವಳು ಮೆಣಸಿನಕಾಯಿ ಬಿಡಿಸಲು ಹೋದಳು. ನಾನು ಎರಡು ಕೆಲಸ ಹೇಗೋ ತಳ್ಳಿದೆ, ಮೂರನೆಯದಕ್ಕೆ ಧೈರ್ಯ ಸಾಲಲಿಲ್ಲ. ಇನ್ನೊಂದು ಅವಕಾಶ ಕೊಡೋಣ, ಬಡವರು ಎಂದು ದೊಡ್ಡ ಮನಸ್ಸಿನವನಂತೆ ಮಾತಾಡಿ ಅವಳನ್ನು ತಿರುಗಿ ಕರೆಸಿದೆ. ಬಂದಳು. ಚಂಬಿನ ಮೇಲೆ ಮೊದಲಿನಂತೆಯೇ ಬೆರಳು ಬಡಿದಳು. ಆಮೇಲಿನ ಐದು ವರ್ಷದಲ್ಲಿ ಒಂದು ಅಸ್ತರೂ ಬೀಳಲಿಲ್ಲ.

ನಿವೃತ್ತನಾದ ದಿನ ಶಾಲು ಹೊದಿಸಿದರು. ನನ್ನ ಜಾಗಕ್ಕೆ ಪ್ರಶಾಂತ ಎಂಬ ಇಂಜಿನಿಯರ್ ಬಂದರು. ಓದಿದವರು, ದುಡಿಯುವವರು, ತೂಕದ ಯಂತ್ರ, ಉಷ್ಣಮಾಪಕ ಎಲ್ಲ ತಂದರು. ಹುಲಿಗೆಮ್ಮನನ್ನು ಚೀಲ ಹೊರಲು ಹಾಕಿದರು. ಅವಳ ಕೈಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬನು ಶಾಲು ಹೊದ್ದು ಮನೆಗೆ ಹೋಗಿದ್ದ.

ಹೋದ ವರ್ಷ ಗುತ್ತಿಗೆದಾರರ ಫೋನು ಬಂತು. ಮಾನ್ವಿಯ ಶರಣಪ್ಪ ಸಾಹುಕಾರರ ಗಿರಣಿಯಲ್ಲಿ ಅಸ್ತರು ಎರಡು ಸಲ ಉದುರಿದೆ. "ಆ ಕಲ್ಲೂರಿನ ಹೆಣ್ಮಗಳು ಎರಡೂ ಸಲ ಇದ್ದಳ್ರಿ. ಹಳೇ ಪುಸ್ತಕ ತಗದು ನೋಡಿದ್ರ ದೇವದುರ್ಗದಾಗೂ ಆಕೀದ ತಪ್ಪು ಅಂತ ನೀವ ಬರದೀರಿ. ಇದೊಂದು ಮುಗೀಲಿ, ಆಕಿನ್ನ ಪೂರಾ ಬಿಡಿಸ್ತೀನಿ. ನೀವು ಬಂದು ನೀರು ನೋಡಿಕೊಡ್ರಿ," ಎಂದರು.

ಅವತ್ತು ಬಸ್ ನಿಲ್ದಾಣದಲ್ಲಿ ನನಗೆ ಹತ್ತಬೇಕಾದ ಗಾಡಿ ಇತ್ತು. ಹತ್ತಿ ಕೂತೆ, ಎದ್ದೆ, ಕಿಟಕಿ ಬದಿಗೆ ಸರಿದೆ, ಮತ್ತೆ ಎದ್ದೆ. ಕಲ್ಲೂರಿನಲ್ಲಿ ಹುಲಿಗೆಮ್ಮ ಅದೇ ಗಾಡಿ ಹತ್ತಿದಳು. ನನ್ನನ್ನು ನೋಡಿ, "ಬಂದ್ರೇನ್ರಿ ಮೇಸ್ತ್ರಿ," ಎಂದಳು. ಹೂಂ ಎಂದೆ. ಅವಳು ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತಳು. ಮಾನ್ವಿ ಬರುವವರೆಗೆ ಆ ಬೆನ್ನಿಗೆ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದೆ. ಗಾಡಿ ನಿಂತಾಗ ಅವಳ ಹಿಂದೆ ಇಳಿದೆ.

ಗಿರಣಿಯಲ್ಲಿ ಪ್ರಶಾಂತ ನನ್ನ ಹಳೆಯ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದರು. "ಸರ್, ನಿಮ್ಮ ಪುಸ್ತಕ ಪೂರ್ತಿ ಓದೀನಿ. ಪ್ರತಿ ಕಲಸಿಗೂ ನೀರು ಬ್ಯಾರೆ ಬ್ಯಾರೆ ಅದ. ಯಾವ ಲೆಕ್ಕದ ಮ್ಯಾಲ ಅಂತ ಎಲ್ಲೂ ಬರದಿಲ್ಲ. ಅದಕ್ಕ ಚೀಲದ ಮ್ಯಾಲಿನ ಲೆಕ್ಕ ಹಿಡಿದೆ," ಎಂದರು. ಮನುಷ್ಯ ಸೋತು ಹೋಗಿದ್ದರು. ಅವರಿಗೆ ಬೇಕಾಗಿದ್ದ ಉತ್ತರ ಹತ್ತು ಹೆಜ್ಜೆ ಆಚೆ ಚೀಲ ಹೊರುತ್ತಿತ್ತು, ನನ್ನ ರುಜು ಅದನ್ನು ಮುಚ್ಚಿಟ್ಟಿತ್ತು.

ಮಿಕ್ಸರು ತಿರುಗಿತು. ಗುತ್ತಿಗೆದಾರರು, ಸಾಹುಕಾರರು, ಪ್ರಶಾಂತ, ಕೂಲಿಯವರು ಎಲ್ಲರೂ ನನ್ನ ಕೈ ನೋಡುತ್ತ ನಿಂತರು. ಉಂಡೆ ಕಟ್ಟಿದೆ. ಬಿಸಿಯೋ ತಣ್ಣಗೋ, ಒದ್ದೆಯೋ ಒಣಗಿದ್ದೋ, ಕೈಗೆ ಏನೂ ಇಲ್ಲ. ಎಂದಿನಂತೆ ಪಕ್ಕಕ್ಕೆ ಚಾಚಿದೆ.

ಹುಲಿಗೆಮ್ಮ ತಲೆಯ ಮೇಲಿನ ಚೀಲ ಇಳಿಸಿದಳು, ಕೈ ಚಾಚಲಿಲ್ಲ. "ನಾ ಮುಟ್ಟಂಗಿಲ್ರಿ. ನಾ ಮುಟ್ಟಿದ್ದು ಉದುರ್ತದಂತ ಪುಸ್ತಕದಾಗ ಬರದದಲ್ಲ," ಎಂದಳು. ದನಿ ಏರಿಸಲಿಲ್ಲ. ಮಿಕ್ಸರಿನ ಸದ್ದಿನಲ್ಲೂ ಎಲ್ಲರಿಗೂ ಕೇಳಿತು.

"ಹುಲಿಗೆಮ್ಮಾ, ಬಿಗಿಯಾಕತ್ತದ," ಎಂದೆ ಮೆಲ್ಲಗೆ.

"ಬಿಗೀಲಿ ಬಿಡ್ರಿ."

ಆ ಬೇಸಿಗೆಯ ಬಿಸಿಲಿನಲ್ಲಿ ಕಲಸಿದ್ದು ಬಿಗಿಯಲು ಇಪ್ಪತ್ತು ನಿಮಿಷ ಸಾಕು. ಅಷ್ಟರೊಳಗೆ ನಾನು ಏನಾದರೂ ಒಂದು ಲೆಕ್ಕ ಕೂಗಬಹುದಿತ್ತು, ಸರಿಹೋದರೂ ಹೋಗುತ್ತಿತ್ತು. ಸರಿಹೋಗದಿದ್ದರೆ ಹೆಸರು ಹಾಕಲು ಮತ್ತೆ ಅವಳೇ ಇದ್ದಳು. ಅದು ಹೊಳೆದದ್ದೇ ನನ್ನ ಮೇಲೆ ನನಗೆ ಅಸಹ್ಯವಾಯಿತು. ಉಂಡೆಯನ್ನು ಕೆಳಗೆ ಹಾಕಿದೆ. ಮಿಕ್ಸರು ನಿಲ್ಲಿಸಲು ಹೇಳಿದೆ. ನನ್ನ ಬೆರಳಲ್ಲಿ ಸ್ಪರ್ಶ ಹೋಗಿ ಎಷ್ಟು ವರ್ಷವಾಯಿತು, ನೀರು ನೋಡಿದವರು ಯಾರು, ದೇವದುರ್ಗದ ಕಮಾನು ಬಿದ್ದದ್ದು ಯಾರ ಅವಸರದಿಂದ, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಯುವಷ್ಟರಲ್ಲಿ ಮಿಕ್ಸರಿನಲ್ಲಿದ್ದದ್ದು ಕೆಲಸಕ್ಕೆ ಬಾರದಂತಾಯಿತು, ಅದನ್ನು ಹೊರಗೆ ಚೆಲ್ಲಿಸಿದರು.

ಗುತ್ತಿಗೆದಾರರ ಮುಖ ಕೆಂಪಗಾಯಿತು. "ಎಂಟು ವರ್ಷ ನನ್ನ ಕಣ್ಣಿಗೆ ಮಣ್ಣು ಎರಚೀರಲ್ಲ," ಎಂದರು. ಸಾಹುಕಾರರು ಮಾತ್ರ, "ಅದು ಆಮ್ಯಾಲ ನೋಡ್ಕೊಳ್ರಿ. ಈಗ ನೀರು ನೋಡೋರು ಯಾರು?" ಎಂದು ಕೇಳಿದರು. ಎಲ್ಲರೂ ಹುಲಿಗೆಮ್ಮನತ್ತ ತಿರುಗಿದರು.

ಅವಳು ನನ್ನನ್ನು ನೋಡಿ ಹೇಳಿದಳು, "ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತದ. ಬರದದ್ದು ಉಳದದ ನೋಡ್ರಿ. ಅಲ್ಲಿ ಬರೀರಿ."

ಪ್ರಶಾಂತ ದೇವದುರ್ಗದ ಆ ಪುಟ ತೆಗೆದು ಮುಂದಿಟ್ಟರು. ಎಂಟು ವರ್ಷದ ಪುಸ್ತಕಗಳಲ್ಲಿ ಅವಳ ಹೆಸರು ಇದ್ದದ್ದು ಆ ಒಂದು ಕಡೆ ಮಾತ್ರ. ಪೆನ್ನು ಬೆರಳ ನಡುವೆ ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಕೊಂಡು ಬರೆದೆ: 'ಮೇಲಿನದು ಸುಳ್ಳು. ನೀರು ಹೆಚ್ಚು ಹಾಕಿದವನು ನಾನು. ಹೆಚ್ಚಾಯಿತೆಂದು ಹುಲಿಗೆಮ್ಮ ಆಗಲೇ ಹೇಳಿದ್ದಳು. ನರಸಪ್ಪ.' ಗಟ್ಟಿಯಾಗಿ ಓದಿರಿ ಎಂದಳು. ಓದಿದೆ. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಓದಿದೆ. ಆಮೇಲೆ ಅವಳು ಬಕೆಟಿನತ್ತ ಹೋಗಿ ಮೊಣಕೈವರೆಗೆ ತೊಳೆದುಕೊಂಡಳು.

ಹೊಸ ಕಲಸು ತಿರುಗಿತು. ಅವಳು ಉಂಡೆ ಕಟ್ಟಿ ಎಸೆದು ಹಿಡಿದು, ಚಂಬು ಬಡಿಯದೆ, ಬಾಯಿಬಿಟ್ಟು ಹೇಳಿದಳು, "ಕಾಲು ಚಂಬು ಹಾಕ್ರಿ." ಮಧ್ಯಾಹ್ನ ಬಿಸಿಲೇರಿದಾಗ ಚೀಲಗಳನ್ನು ನೆರಳಿಗೆ ಎಳೆಸಿದಳು, ನೀರಿಗೆ ಐಸು ಹಾಕಿಸಿದಳು. ಪ್ರಶಾಂತ ಪ್ರತಿ ಉಂಡೆಯನ್ನೂ ತಾವೂ ಹಿಡಿದು ನೋಡಿ, ಅಂಗೈಗೆ ಎಷ್ಟು ಅಂಟಿದೆಯೆಂದು ಪರೀಕ್ಷಿಸಿ, ಏನೇನೋ ಬರೆದುಕೊಂಡರು. ಸಂಜೆ ಕೊನೆಯ ಅಂಕಣದಲ್ಲಿ ಹುಲಿಗೆಮ್ಮ ನಿಧಾನವಾಗಿ ಅಕ್ಷರ ಕೂಡಿಸಿ ರುಜು ಹಾಕಿದಳು.

ಐದನೆಯ ದಿನಕ್ಕೆ ಪಣತಿ ಇಟ್ಟರಂತೆ. ನಾನು ಅಲ್ಲಿರಲಿಲ್ಲ. ಇನ್ನು ಬರಬೇಡಿ ಎಂದು ಗುತ್ತಿಗೆದಾರರು ಅವತ್ತೇ ಹೇಳಿದ್ದರು, ಹೇಳಿದ್ದು ಸರಿಯಾಗಿತ್ತು. ಆ ಅಸ್ತರು ಎರಡು ಹಂಗಾಮು ದಾಟಿ ನಿಂತಿದೆ. ಹುಲಿಗೆಮ್ಮ ಈಗ ಚೀಲ ಹೊರುವುದಿಲ್ಲ, ಹೊಸಬರಿಗೆ ಉಂಡೆ ಕಟ್ಟುವುದನ್ನು ಕಲಿಸುತ್ತಾಳೆ. ಈ ಕೆಲಸಕ್ಕೆ ಬರುವವರು ಅವಳ ಬಳಿ ನಾಲ್ಕು ದಿನ ನಿಂತು ನೋಡಿರಿ. ಉಷ್ಣಮಾಪಕವೂ ಇರಲಿ, ತೂಕದ ಯಂತ್ರವೂ ಇರಲಿ. ಬ್ರೇಕರ್ ಯಂತ್ರವನ್ನು ಮಾತ್ರ ಸರದಿಯ ಮೇಲೆ ಹಿಡಿಯಿರಿ. ಕೈ ಹೋದರೆ ಹೋಯಿತೆಂದು ಅವತ್ತೇ ಹೇಳಿರಿ.

ಹೋದ ವಾರ ಕಾರಣವಿಲ್ಲದೆ ಮಾನ್ವಿ ಗಾಡಿ ಹತ್ತಿ ಕಲ್ಲೂರಿನಲ್ಲಿ ಇಳಿದೆ. ಹುಲಿಗೆಮ್ಮ ಕೆಲಸಕ್ಕೆ ಹೊರಟು ಗಾಡಿ ಕಾಯುತ್ತ ನಿಂತಿದ್ದಳು. ಹೇಗಿದ್ದೀಯ ಎಂದು ಕೇಳಿದೆ, ಚೆನ್ನಾಗಿದ್ದೇನೆ ಎಂದಳು. ನನಗೆ ತಡೆಯಲಾಗಲಿಲ್ಲ. "ನನ್ನ ಮ್ಯಾಲ ಇನ್ನೂ ಸಿಟ್ಟು ಅದ ಏನು?" ಎಂದು ಕೇಳಿಯೇಬಿಟ್ಟೆ.

ಅವಳು ನನ್ನ ಕೈಗಳನ್ನು ನೋಡಿದಳು, ಆಮೇಲೆ ರಸ್ತೆಯತ್ತ ನೋಡಿದಳು. "ಒಳಗಿನ ನೀರು ಆರಾಕ ದಿನ ಹಿಡೀತದ್ರಿ ಮೇಸ್ತ್ರಿ. ಅವಸರ ಮಾಡಿದ್ರ ಸಿಡೀತದ," ಎಂದು ಬಂದ ಗಾಡಿ ಹತ್ತಿ ಹೋದಳು.

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತೆ. ರಾಯಚೂರಿಗೆ ಹೋಗುವ ಎರಡು ಗಾಡಿ ಬಂದು ಹೋದವು, ಎದ್ದೇಳಲಿಲ್ಲ.